ಬೀರುವಿನಲ್ಲಿ ನಲವತ್ತೆಂಟು

ವಿಜ್ಞಾನದ ಮೇಷ್ಟ್ರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಅವರಿಗೆ ಎಲ್ಲರ ಮೇಲೂ ಸಮನಾದ ಅನುಮಾನವಿತ್ತು, ಅಷ್ಟೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಸೀಟು ಒದ್ದೆಯಾಗಿದೆಯೋ ಏನೋ ಎಂದು ಮುಟ್ಟಿ ನೋಡಿಯೇ ಕೂರುತ್ತಿದ್ದರು. ಕೇಳದೆಯೇ ಹೆಂಡತಿ ಟೀ ತಂದಿಟ್ಟರೆ, "ಏನು, ನಿಮ್ಮಣ್ಣ ಬರ್ತಿದಾನಾ?" ಎಂದು ಕೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಆತ ಬರುತ್ತಲೂ ಇದ್ದ. ಆದ್ದರಿಂದ ಅವರ ಅನುಮಾನವನ್ನು ಬರೀ ಸ್ವಭಾವದೋಷ ಎಂದು ತಳ್ಳಿಹಾಕುವಂತಿರಲಿಲ್ಲ.

ಈ ಎಲ್ಲ ಅನುಮಾನಗಳ ತಾಯಿಬೇರು ಎಂಟನೇ ತರಗತಿಯ ಹಿಂಬದಿಯ ಮೂಲೆಯಲ್ಲಿ ನಿಂತಿತ್ತು. ಅದೊಂದು ಹಸಿರು ಬಣ್ಣದ ಕಬ್ಬಿಣದ ಬೀರು. ಬಾಗಿಲ ಮೇಲೆ 'ವಿಜ್ಞಾನ ಉಪಕರಣಗಳು' ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ಈ ಶಾಲೆಗೆ ಬಂದ ದಿನವೇ ಹಳೆಯ ಮೇಷ್ಟ್ರು ನಿವೃತ್ತರಾಗಿ ಹೊರಟಿದ್ದರು. ಅವರ ಹೆಗಲಿಗೆ ಚೀಲ ಆಗಲೇ ಏರಿತ್ತು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ರಿಜಿಸ್ಟರು ಹಿಡಿದು, "ಒಟ್ಟು ನಲವತ್ತೇಳು ವಸ್ತು. ಇಲ್ಲೊಂದು ಸೈನ್ ಹಾಕಿ" ಎಂದರು.

"ಬೀಗ ತೆಗೆದು ಎಣಿಸೋದು ಬೇಡ್ವಾ ಸಾರ್?"

"ನಾನು ತಗೊಂಡಾಗ ಎಣಿಸಿದ್ನಾ? ನನಗೆ ಕೊಟ್ಟೋರು ಎಣಿಸಿದ್ರಾ? ಮನುಷ್ಯನಿಗೆ ನಂಬಿಕೆ ಅನ್ನೋದು ಬೇಕು ಕಣ್ರೀ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮೇಷ್ಟ್ರು ಜೀವಮಾನದಲ್ಲಿ ಒಂದೇ ಒಂದು ಸಲ ಒಬ್ಬರನ್ನು ನಂಬಿ ಸೈನ್ ಹಾಕಿದರು. ಬಸ್ಸು ತಿರುವಿನಲ್ಲಿ ಮರೆಯಾಗುವುದರೊಳಗೆ ಪಶ್ಚಾತ್ತಾಪ ಶುರುವಾಯಿತು. ಒಳಗೆ ಮೈಕ್ರೋಸ್ಕೋಪ್ ಇಲ್ಲದಿದ್ದರೆ? ತೆಗೆದು ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೆ ಮೇಲಕ್ಕೆ ತಿಳಿಸಬೇಕು. ತಿಳಿಸಿದರೆ ಸೈನ್ ಯಾರದು ಎಂದು ನೋಡುತ್ತಾರೆ. ನೋಡಿದರೆ ಕೆಲಸಕ್ಕೇ ಕುತ್ತು. ಆದಕಾರಣ ತೆಗೆಯದೇ ಇರುವುದೇ ಕ್ಷೇಮ ಎಂದು ತೀರ್ಮಾನಿಸಿ ಕೀಯನ್ನು ಅಂಗಿಯ ಎಡಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡರು. ಇನ್ನು ನಾಲ್ಕು ವರ್ಷ ಕಳೆದರೆ ಅವರೂ ಹೆಗಲಿಗೆ ಚೀಲ ಏರಿಸಿಕೊಂಡು, ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಸರಿಯಾಗಿ, ಮುಂದಿನವರಿಗೆ ನಂಬಿಕೆಯ ಮಹತ್ವ ಹೇಳಿ ಹೋಗಬಹುದಿತ್ತು.

ಉಪಕರಣವಿಲ್ಲದೆ ಪಾಠ ನಿಲ್ಲಲಿಲ್ಲ. ಅವರ ಪಾಠವೆಂದರೆ ನೋಟ್ಸು. "ಈರುಳ್ಳಿಯ ಪೊರೆಯಲ್ಲಿ ಇಟ್ಟಿಗೆ ಜೋಡಿಸಿದಂತೆ ಕೋಶಗಳು ಕಾಣುತ್ತವೆ. ಫುಲ್‌ಸ್ಟಾಪ್. ಅಯಸ್ಕಾಂತವನ್ನು ತುಂಡು ಮಾಡಿದರೆ ಪ್ರತಿ ತುಂಡೂ ಪೂರ್ಣ ಅಯಸ್ಕಾಂತವೇ ಆಗಿರುತ್ತದೆ. ಫುಲ್‌ಸ್ಟಾಪ್. ನಿಂಬೆರಸ ಆಮ್ಲ. ಮುಂದಿನ ಸಾಲು." ಮೈಕ್ರೋಸ್ಕೋಪನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಚಿತ್ರ ಎಷ್ಟು ಸೊಗಸಾಗಿರುತ್ತಿತ್ತೆಂದರೆ, ಆ ಹನ್ನೊಂದು ವರ್ಷದಲ್ಲಿ ಓದಿದ ಮಕ್ಕಳೆಲ್ಲ ಅದನ್ನೊಂದು ಜಾತಿಯ ಕೊಕ್ಕರೆ ಎಂದೇ ತಿಳಿದಿದ್ದರು.

ಎಂಟನೆಯ ತರಗತಿಯಲ್ಲಿ ಇದಕ್ಕೆ ಅಡ್ಡಿ ಮಾಡುತ್ತಿದ್ದವಳು ಒಬ್ಬಳೇ, ದರ್ಜಿಯ ಮಗಳು. ಎರಡು ಸಲ ಅಳೆಯದೆ ಕತ್ತರಿ ಹಾಕಬಾರದು ಎಂಬ ಮನೆಯಲ್ಲಿ ಬೆಳೆದವಳು. ಎಲ್ಲರೂ ಬರೆಯುತ್ತಿರುವಾಗ ಕೈಯೆತ್ತಿ, "ನೀವು ನೋಡಿದೀರಾ ಸಾರ್?" ಎಂದು ಕೇಳುವಳು.

"ಪುಸ್ತಕದಲ್ಲಿದೆ, ಬರ್ಕೋ."

"ಬರ್ಕೊಂಡೆ ಸಾರ್. ನೋಡಿದೀರಾ ಅಂತ ಕೇಳ್ದೆ."

ಈ ಹುಡುಗಿಯ ಹಿಂದೆ ಯಾರೋ ಇದ್ದಾರೆ ಎಂದು ಮೇಷ್ಟ್ರಿಗೆ ಬಲವಾದ ಅನುಮಾನ.

ಹೀಗಿರುವಾಗ ಪಟ್ಟಣದಲ್ಲಿ ಐದು ದಿನದ ತರಬೇತಿ ಬಂತು. ವಿಷಯ, 'ತರಗತಿಯಲ್ಲಿ ಹೊಸತನ'. ಕೊನೆಯ ದಿನ ಶಿಕ್ಷಣಾಧಿಕಾರಿ ಸಾಹೇಬರೇ ಬಂದು ಕೂತು, ಒಬ್ಬೊಬ್ಬರೂ ತಮ್ಮ ಶಾಲೆಯ ಹೊಸ ಪ್ರಯೋಗ ಹೇಳಬೇಕೆಂದರು. ಮೊದಲು ಎದ್ದವರು ಶಾಲೆಯ ಚಾವಣಿಯ ಮೇಲೆ ತರಕಾರಿ ಬೆಳೆದಿದ್ದೇವೆ ಎಂದರು. ಆ ಶಾಲೆಗೆ ಚಾವಣಿಯೇ ಇಲ್ಲದ್ದು ಮೇಷ್ಟ್ರಿಗೆ ಗೊತ್ತಿತ್ತು. ಚಪ್ಪಾಳೆ ಬಿತ್ತು. ಮೇಷ್ಟ್ರ ಸರದಿ ಬಂದಾಗ ತಲೆಯೊಳಗೆ ಏನೂ ಇರಲಿಲ್ಲ, ಎದುರಿಗೆ ಮೇಜಿನ ಮೇಲೆ ಒಂದು ಖಾಲಿ ನೋಟುಪುಸ್ತಕವಿತ್ತು.

"ವೀಕ್ಷಣಾ ಪುಸ್ತಕ ಸಾರ್" ಎಂದುಬಿಟ್ಟರು.

"ಹಾಗಂದ್ರೆ?"

"ಮಕ್ಕಳು ದಿನಾ ಒಂದೇ ಹೊತ್ತಿಗೆ ಒಂದನ್ನೇ ನೋಡಿ ಬರೀತಾರೆ ಸಾರ್. ಕಂಡದ್ದು ಮಾತ್ರ. ಅನಿಸಿದ್ದು ಬರೆಯೋ ಹಾಗಿಲ್ಲ."

"ಭೇಷ್! ಫಲಿತಾಂಶ?"

"ಮಕ್ಕಳ ಕಣ್ಣು ತೆರೆದಿದೆ ಸಾರ್."

ಚಪ್ಪಾಳೆ ಚಾವಣಿ ತರಕಾರಿಗಿಂತ ಜೋರಾಗಿ ಬಿತ್ತು. ಮೇಷ್ಟ್ರಿಗೆ ಕಣ್ಣಂಚು ಒದ್ದೆಯಾಗುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಸಾಹೇಬರು ಡೈರಿ ತೆಗೆದು, "ಮುಂದಿನ ತಿಂಗಳು ನಾನೇ ಬಂದು ನೋಡ್ತೀನಿ" ಎಂದು ಬರೆದುಕೊಂಡರು. ಸಂತೋಷ ಬಂದ ದಾರಿಯಲ್ಲೇ ಹಿಂದಿರುಗಿತು.

ಮರುದಿನವೇ ಮೇಷ್ಟ್ರು ಮೂವತ್ತೆರಡು ಮಕ್ಕಳಿಗೂ ನೋಟುಪುಸ್ತಕ ಹಂಚಿ, ಬೋರ್ಡಿನ ಮೇಲೆ ಬರೆದರು: ಒಂದೇ ವಿಷಯ, ಒಂದೇ ಹೊತ್ತು, ಹದಿನೈದು ದಿನ, ಕಂಡದ್ದು ಮಾತ್ರ. ದರ್ಜಿಯ ಮಗಳು ಕೈಯೆತ್ತಿದಳು.

"ಏನನ್ನ ನೋಡ್ಬೇಕು ಸಾರ್?"

ಇರುವೆ ಎನ್ನಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಆಗಲೇ ಹೆಡ್ಮಾಸ್ಟರ ಕೋಣೆಯಿಂದ, "ಮೇಷ್ಟ್ರೇ, ಟೀ ಆರ್ತಾ ಇದೆ!" ಎಂದು ಕೂಗು ಬಂತು.

"ಯಾವುದಾದ್ರೂ ಸರಿ" ಎಂದು ಮೇಷ್ಟ್ರು ಹೊರಟುಹೋದರು. ಇರುವೆಯನ್ನು ಬಾಯಲ್ಲೇ ಉಳಿಸಿಕೊಂಡು ಮೈಮೇಲೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ ಇರಬೇಕು.

ಮೂವತ್ತೆರಡರಲ್ಲಿ ನಾಲ್ವರು ಮಾತ್ರ ತಾವಾಗಿಯೇ ಇರುವೆಯನ್ನು ಆರಿಸಿಕೊಂಡರು. ಉಳಿದವರಿಗೆ ಇರುವೆಗಿಂತ ದೊಡ್ಡ ಪ್ರಾಣಿಗಳಲ್ಲಿ ಆಸಕ್ತಿ.

ಐದನೆಯ ದಿನ ಬೆಳಿಗ್ಗೆ ಹಾಲಿನವನು ಮೇಷ್ಟ್ರ ಮನೆಯ ಕಟ್ಟೆಗೆ ಬಂದು ನಿಂತ.

"ಮೇಷ್ಟ್ರೇ, ನಿಮ್ಮ ಹುಡುಗ್ರು ನಲ್ಲಿ ಹತ್ರ ಬರೀತಾ ಕೂತಿರ್ತಾರೆ."

"ಕೂತ್ಕೊಳ್ಳಿ ಬಿಡಪ್ಪ. ಕಂಡದ್ದನ್ನ ಬರೀತಾರೆ, ಅಷ್ಟೆ."

"ಅದೇ ತೊಂದರೆ ಸ್ವಾಮಿ. ಬೇರೆ ಏನಾದ್ರೂ ಬರೀಲಿ."

"ಯಾಕೆ? ನಲ್ಲಿ ಹತ್ರ ನೀನೇನು ಮಾಡ್ತೀಯ?"

"ಕ್ಯಾನು ತೊಳೀತೀನಿ."

"ಹಾಲು ತುಂಬಿರೋ ಕ್ಯಾನನ್ನ?"

ಹಾಲಿನವನು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ, ದನಿ ತಗ್ಗಿಸಿ, "ಬರೆದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದ.

"ಮೇಲಕ್ಕೆ. ಸಾಹೇಬರೇ ಬಂದು ನೋಡ್ತಾರೆ" ಎಂದರು ಮೇಷ್ಟ್ರು, ಸ್ವಲ್ಪ ಹೆಮ್ಮೆಯಿಂದಲೇ.

ಇಷ್ಟೇ ಸಾಕಾಯಿತು. ಐದು ದಿನ ಪಟ್ಟಣಕ್ಕೆ ಹೋಗಿದ್ದು ತರಬೇತಿಗಲ್ಲ, ಗುಟ್ಟಿನ ಕೆಲಸಕ್ಕೆ ಎಂಬ ಸುದ್ದಿ ಅಂಗಡಿಯಿಂದ ಹೊರಟು ಬಾವಿಕಟ್ಟೆ ಸುತ್ತಿ ಮಧ್ಯಾಹ್ನದೊಳಗೆ ಅಂಗಡಿಗೇ ವಾಪಸು ಬಂತು. ಬರುವಾಗ ಸ್ವಲ್ಪ ದಪ್ಪಗಾಗಿತ್ತು: ಮೇಷ್ಟ್ರು ಮೊದಲಿನಿಂದಲೂ ಮೇಷ್ಟ್ರೇ ಅಲ್ಲವಂತೆ, ಇಲಾಖೆಯೊಂದರ ಕಣ್ಣಂತೆ, ಹನ್ನೊಂದು ವರ್ಷದಿಂದ ಕಾಯುತ್ತಿದ್ದಾರಂತೆ.

ಅಂಗಡಿಯವನಿಗೆ ಇದನ್ನು ಕೇಳಿ ಬೆವರು ಕಿತ್ತುಕೊಂಡಿತು. ಅವನ ಎದುರು ಮೂರು ದಿನದಿಂದ ಅವಳಿ ಅಕ್ಕತಂಗಿಯರು ಬೆಂಚು ಹಾಕಿಕೊಂಡು ಕೂತಿದ್ದರು. ಅವರ ಪುಸ್ತಕದಲ್ಲಿ ಹೀಗಿತ್ತು: "ತೂಗುವಾಗ ಹೆಬ್ಬೆರಳು ತಕ್ಕಡಿಯ ಮೇಲೆ, ಹದಿಮೂರು ಸಲ. ಹೆಬ್ಬೆರಳು ಇಲ್ಲದೆ ತೂಗಿದ್ದು ಒಂದು ಸಲ. ಆಗ ಅವರ ಮಾವನವರು ಬಂದಿದ್ದರು." ಮರುದಿನದಿಂದ ಅಂಗಡಿಯವನು ಆ ಹೆಬ್ಬೆರಳಿಗೆ ದಪ್ಪನೆ ಬಟ್ಟೆ ಸುತ್ತಿಕೊಂಡು, ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದೇ ತೂಗತೊಡಗಿದ.

ಹೆಡ್ಮಾಸ್ಟರ ಕಿಟಕಿಯ ಹೊರಗೂ ಒಬ್ಬ ಕೂತಿದ್ದ. "ಹನ್ನೊಂದು ಇಪ್ಪತ್ತು. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಹನ್ನೆರಡು ಐದು. ಬಾಯಿ ಮುಚ್ಚಿತು, ಕಣ್ಣು ತೆರೆಯಿತು." ಇದನ್ನು ಓದಿದ ದಿನದಿಂದ ಹೆಡ್ಮಾಸ್ಟರು ಕುರ್ಚಿಯನ್ನೇ ಹೊರಗೆ ಹಾಕಿಸಿ ನಿಂತುಕೊಂಡು ಕೆಲಸ ಮಾಡತೊಡಗಿದರು. ನಿಂತು ಮಾಡುವ ಕೆಲಸ ಏನೂ ಇಲ್ಲದ್ದರಿಂದ ಬರೀ ನಿಂತಿರುತ್ತಿದ್ದರು.

ಊರೆಲ್ಲ ಹೀಗೆ ಒಮ್ಮಿಂದೊಮ್ಮೆಗೆ ಒಳ್ಳೆಯದಾಗಿಬಿಟ್ಟದ್ದು ಕಂಡು ತೀರಾ ಗಾಬರಿಯಾದವರು ಮೇಷ್ಟ್ರೇ. ಅಂಗಡಿಗೆ ಹೋದರೆ ಕೇಳಿದ್ದಕ್ಕಿಂತ ಹಿಡಿ ಹೆಚ್ಚು ಹಾಕುತ್ತಾನೆ. ದಾರಿಯಲ್ಲಿ ಕಂಡವರು ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡುತ್ತಾರೆ. ಮನೆಯಲ್ಲಿ ಹೆಂಡತಿ ಪಾತ್ರೆ ಹಿಡಿದು ಬಂದು, "ರೀ, ಹಾಲು ಕೆಟ್ಟಿದೆ ಅನ್ಸುತ್ತೆ" ಎಂದರು.

"ಯಾಕೆ?"

"ಕೆನೆ ಕಟ್ತಿದೆ."

ಇಬ್ಬರೂ ಪಾತ್ರೆಯೊಳಗೆ ಬಗ್ಗಿ ನೋಡಿದರು. "ನನ್ನ ವಿರುದ್ಧ ಏನೋ ನಡೀತಿದೆ ಕಣೇ" ಎಂದರು ಮೇಷ್ಟ್ರು. "ಕಾರಣ ಇಲ್ದೆ ಯಾರೂ ಗಟ್ಟಿ ಹಾಲು ಕೊಡಲ್ಲ."

"ನಡೀತಿರೋದು ಏನು ಅಂತ ನಂಗೊತ್ತು" ಎಂದು ಆಕೆ ಸೆರಗಿನೊಳಗಿಂದ ಒಂದು ನೋಟುಪುಸ್ತಕ ತೆಗೆದರು. ಪಕ್ಕದ ಮನೆಯ ಹುಡುಗಿ ಹತ್ತು ದಿನದಿಂದ ಇವರ ಕಿಟಕಿಯ ಎದುರೇ ಕೂತಿದ್ದಳು. ಆಕೆ ಒಂದೊಂದೇ ಅಕ್ಷರ ಬಿಡಿಸಿ ಓದಿದರು: "ಸಂಜೆ ಆರು. ಸಾರ್ ಕೂತಿದ್ದಾರೆ. ಆಂಟಿ ನಿಂತಿದ್ದಾರೆ. ಆರೂವರೆ. ಸಾರ್ ಕೂತಿದ್ದಾರೆ. ಆಂಟಿ ನಿಂತಿದ್ದಾರೆ. ಏಳು. ಸಾರ್ ಕೂತೇ ಇದ್ದಾರೆ."

"ಅವಳಿಗೆ ಆ 'ಏ' ಯಾರು ಹೇಳಿಕೊಟ್ರು? ಅನಿಸಿದ್ದು ಬರೀಬಾರ್ದು ಅಂದಿದ್ದೆ!"

"ಹತ್ತು ದಿನವೂ ಇದೇ ಇದೆ ರೀ. ಇದರದೊಂದು ನಕಲು ಬೇಕು ನಂಗೆ. ನಮ್ಮಣ್ಣ ಬಂದಾಗ ಓದಿ ಹೇಳ್ಬೇಕು."

ಆ ಸಂಜೆಯಿಂದ ಮೇಷ್ಟ್ರೂ ನಿಂತರು. ಶಾಲೆಯಲ್ಲಿ ಹೆಡ್ಮಾಸ್ಟರು, ಮನೆಯಲ್ಲಿ ಮೇಷ್ಟ್ರು. ಒಂದು ನೋಟುಪುಸ್ತಕ ಇಬ್ಬರು ದೊಡ್ಡವರನ್ನು ಕಾಲಮೇಲೆ ನಿಲ್ಲಿಸಿತ್ತು.

ಆದರೆ ಒಳ್ಳೆಯತನ ಎಷ್ಟು ದಿನ ತಡೆದೀತು? ಹದಿಮೂರನೆಯ ದಿನ ಹಾಲಿನವನು, ಅಂಗಡಿಯವನು ಕೂಡಿ, 'ಊರಿನ ಹಿತೈಷಿಗಳು' ಎಂಬ ಹೆಸರಿನಲ್ಲಿ ಸಾಹೇಬರಿಗೆ ಅರ್ಜಿ ಬರೆದರು. ವಿಜ್ಞಾನದ ಮೇಷ್ಟ್ರು ಪಾಠ ಬಿಟ್ಟು ಮಕ್ಕಳಿಂದ ಪತ್ತೇದಾರಿ ಮಾಡಿಸುತ್ತಿದ್ದಾರೆ, ಊರಿನ ಮಾನ ನೋಟುಪುಸ್ತಕದ ಪಾಲಾಗಿದೆ ಎಂದು ಅದರಲ್ಲಿತ್ತು. ಅಕ್ಷರ ಹೆಡ್ಮಾಸ್ಟರದ್ದು. ಅದನ್ನೂ ಅವರು ನಿಂತೇ ಬರೆದಿದ್ದರು.

ಹದಿನಾರನೆಯ ದಿನ ಸಾಹೇಬರ ಜೀಪು ಬಂತು. ಒಂದು ಜೇಬಿನಲ್ಲಿ ಮೆಚ್ಚುಗೆಯ ಡೈರಿ, ಇನ್ನೊಂದು ಜೇಬಿನಲ್ಲಿ ಅರ್ಜಿ. ಯಾವುದನ್ನು ಮೊದಲು ತೆಗೆಯಬೇಕೆಂದು ತಿಳಿಯದೆ ಅವರು ಎಂಟನೆಯ ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಿಟಕಿಗಳ ತುಂಬ ಊರಿನವರ ತಲೆಗಳು.

"ಓದಿಸಿ ಮೇಷ್ಟ್ರೇ. ನೋಡೇಬಿಡೋಣ."

ಮೇಷ್ಟ್ರು ಜಾಣತನ ಮಾಡಿ ಇರುವೆಯವನನ್ನು ಎಬ್ಬಿಸಿದರು. ಅವನು ರಾಗವಾಗಿ ಓದಿದ: "ಬೆಳಿಗ್ಗೆ ಆರು. ಇರುವೆಗಳು ಸಾಲಾಗಿ ಹೊರಟವು. ಆರೂ ಹತ್ತು. ನಲ್ಲಿಯ ಹತ್ತಿರ ಬಂದವು. ಅಲ್ಲಿ ನೀರು..."

"ಈಗ ಹಾಕ್ತಿಲ್ಲ ಸಾಹೇಬ್ರೇ!" ಎಂದು ಕಿಟಕಿಯಿಂದ ಹಾಲಿನವನು ಕೂಗಿದ. "ದೇವರಾಣೆ, ಹತ್ತು ದಿನದಿಂದ ಒಂದು ತೊಟ್ಟೂ ಹಾಕಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಎಂದಿರಲೂ ಇಲ್ಲ. ಸಾಹೇಬರು ಹಾಲಿನವನ ಕಡೆ ತಿರುಗಿದರು. ಹಾಲಿನವನ ಪಕ್ಕದಲ್ಲಿದ್ದ ಅಂಗಡಿಯವನು ಗಾಬರಿಯಿಂದ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟ. ಹೆಡ್ಮಾಸ್ಟರು ಗೋಡೆಗೆ ಒರಗಿದ್ದವರು ನೆಟ್ಟಗಾದರು.

"ಈ ಊರಲ್ಲಿ ಎಲ್ಲರೂ ಏನೋ ಮುಚ್ಚಿಡ್ತಿದ್ದೀರಿ" ಎಂದರು ಸಾಹೇಬರು, ಈಗ ನಿಜವಾಗಿ ಹುರುಪು ಬಂದು. "ಹೂಂ, ಮುಂದಿನವರು."

ದರ್ಜಿಯ ಮಗಳು ಎದ್ದು ನಿಂತಳು. ಮೇಷ್ಟ್ರಿಗೆ ಆಗ ಹೊಳೆಯಿತು: ಊರನ್ನೆಲ್ಲ ಯಾರು ಯಾರು ನೋಡುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು. ಇವಳು ಏನು ನೋಡುತ್ತಿದ್ದಳೆಂದು ಮಾತ್ರ ಗೊತ್ತಿರಲಿಲ್ಲ.

"ವಿಷಯ, ನಮ್ಮ ಕ್ಲಾಸಿನ ಬೀರು" ಎಂದು ಅವಳು ಓದತೊಡಗಿದಳು. "ಒಂದನೇ ದಿನ. ಬೀಗಕ್ಕೂ ಚಿಲಕಕ್ಕೂ ಜೇಡ ಬಲೆ ಕಟ್ಟಿದೆ. ಎರಡನೇ ದಿನ. ಬಲೆ ಹಾಗೇ ಇದೆ. ಮೂರನೇ ದಿನ. ಬಲೆ ಹಾಗೇ ಇದೆ. ನೊಣ ಒಂದು ಸಿಕ್ಕಿದೆ." ಹೀಗೆ ಹದಿನೈದು ದಿನ ಬಲೆ ಹಾಗೇ ಇತ್ತು. ನೊಣಗಳು ನಾಲ್ಕಾಗಿದ್ದವು. "ಬೀರು ತೆರೆದದ್ದು ಸೊನ್ನೆ ಸಲ" ಎಂದು ಮುಗಿಸಿ ಪುಸ್ತಕ ಮುಚ್ಚಿದಳು.

"ನಿನಗೇನು ಅನ್ಸುತ್ತೆ?" ಎಂದು ಸಾಹೇಬರು ಕೇಳಿದರು.

"ಅನಿಸಿದ್ದು ಹೇಳೋ ಹಾಗಿಲ್ಲ ಸಾರ್."

ಸಾಹೇಬರು ಮೇಷ್ಟ್ರ ಕಡೆ ನೋಡಿದರು. "ಬೀಗ ತೆಗೀರಿ."

"ಕೀ... ಕೀ ರಿಪೇರಿಗೆ ಕೊಟ್ಟಿದೆ ಸಾರ್."

"ಎಡಗಡೆ ಜೇಬಲ್ಲಿದೆ ಸಾರ್" ಎಂದಳು ಹುಡುಗಿ, ಸಹಾಯ ಮಾಡುವ ದನಿಯಲ್ಲಿ. "ದಿನಾ ಒಂಬತ್ತು ಸಲ ಮುಟ್ಟಿ ನೋಡ್ಕೊಳ್ತೀರಿ. ಪರೀಕ್ಷೆ ದಿನ ಹದಿನಾಲ್ಕು ಸಲ."

ಮೇಷ್ಟ್ರು ಪಿನ್ನು ಬಿಚ್ಚಿದರು. ಬೀರುವಿನ ಮುಂದೆ ನಿಂತಾಗ ಇನ್ನು ತಡೆಯಲಾಗಲಿಲ್ಲ. "ಸಾರ್, ನಾನಿದನ್ನ ಯಾವತ್ತೂ ತೆಗೆದಿಲ್ಲ" ಎಂದರು. "ನೋಡದೆ ಸೈನ್ ಹಾಕಿದೆ. ಒಳಗೆ ಏನೂ ಇಲ್ಲ ಅಂತ ಹೆದರಿ ಹನ್ನೊಂದು ವರ್ಷ ಈ ಮಕ್ಕಳಿಗೆ ಏನೂ ತೋರಿಸಿಲ್ಲ. ಕೆಲಸ ಹೋದ್ರೆ ಹೋಗ್ಲಿ."

ಜೇಡನಿಗೆ ನಷ್ಟವಾಯಿತು. ಬೀಗ ಎರಡು ಸಲ ಗುದ್ದಿಸಿಕೊಂಡು ಬಾಯಿ ಬಿಟ್ಟಿತು. ಬಾಗಿಲು ಕಿರುಗುಟ್ಟಿ ತೆರೆಯಿತು.

ಎಲ್ಲವೂ ಇತ್ತು. ಪರೀಕ್ಷಾ ನಳಿಕೆಗಳು, ಮಸೂರಗಳು, ದಿಕ್ಸೂಚಿ, ತಕ್ಕಡಿ, ಎಲ್ಲವೂ ಹಳೆಯ ಪೇಪರಿನಲ್ಲಿ ಸುತ್ತಿ, ಕಟ್ಟಿದ ದಾರ ಕೂಡ ಬಿಚ್ಚದೆ, ಮೂರು ಜನ ಮೇಷ್ಟ್ರುಗಳ ನಂಬಿಕೆಯಲ್ಲಿ ಭದ್ರವಾಗಿ ಕೂತಿದ್ದವು. ನಡುವಿನ ಹಲಗೆಯ ಮೇಲೆ ಮರದ ಪೆಟ್ಟಿಗೆ. ಅದರೊಳಗೆ ಮೈಕ್ರೋಸ್ಕೋಪ್ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅತ್ತುಬಿಟ್ಟರು. ಇಷ್ಟು ವರ್ಷ ಇದು ತನ್ನ ಬೆನ್ನ ಹಿಂದೆಯೇ ಇತ್ತಲ್ಲ ಎಂದು ಅವರಿಗೆ ತಡೆಯಲಾರದ ದುಃಖವಾಯಿತು.

"ಕೊಕ್ಕರೆ ಥರ ಇಲ್ವಲ್ಲ ಸಾರ್" ಎಂದಿತು ಹಿಂದಿನ ಬೆಂಚು.

ಕಥೆ ಇಲ್ಲಿಗೇ ಮುಗಿದು ಎಲ್ಲರೂ ಟೀ ಕುಡಿಯಬಹುದಿತ್ತು. ಆದರೆ ಸಾಹೇಬರು ಶಿಸ್ತಿನ ಮನುಷ್ಯ. ರಿಜಿಸ್ಟರು ತರಿಸಿ ಹೆಡ್ಮಾಸ್ಟರಿಂದ ಎಣಿಕೆ ಮಾಡಿಸಿದರು. ನಲವತ್ತೆಂಟು ಬಂತು. ತಾವೇ ಎಣಿಸಿದರು. ನಲವತ್ತೆಂಟು. ದರ್ಜಿಯ ಮಗಳಿಂದ ಎಣಿಕೆ ಮಾಡಿಸಿದರು. ಅವಳು ಎರಡು ಸಲ ಎಣಿಸಿ ನಲವತ್ತೆಂಟು ಎಂದಳು. ಪಟ್ಟಿಯಲ್ಲಿ ಅಯಸ್ಕಾಂತ ಎರಡು ಎಂದಿತ್ತು, ಬೀರುವಿನಲ್ಲಿ ಮೂರಿದ್ದವು.

ಸಾಹೇಬರ ಮುಖ ಕಪ್ಪಿಟ್ಟಿತು. "ಎಲ್ಲಿಂದ ತಂದ್ರಿ?"

"ನಾನು ತಂದಿಲ್ಲ ಸಾರ್! ತೆಗೆದೇ ಇಲ್ಲ ಅಂತ ಇವಳ ಪುಸ್ತಕದಲ್ಲೇ ಇದೆಯಲ್ಲ!"

"ಹದಿನೈದು ದಿನದ್ದು ಇದೆ. ಹನ್ನೊಂದು ವರ್ಷದ್ದು ಎಲ್ಲಿದೆ? ನೋಡಿ ಮೇಷ್ಟ್ರೇ, ಕಡಿಮೆ ಬಂದಿದ್ರೆ 'ಬಳಕೆಯಲ್ಲಿ ಒಡೆದಿದೆ' ಅಂತ ಬರೆಯೋಕೆ ಕಾಲಂ ಇದೆ. ಹೆಚ್ಚು ಬಂದ್ರೆ ಬರೆಯೋಕೆ ಕಾಲಮ್ಮೇ ಇಲ್ಲ. ಇಲ್ಲಿ ಒಂದು ಹೆಚ್ಚಿದೆ ಅಂದ್ರೆ ಎಲ್ಲೋ ಒಂದು ಶಾಲೇಲಿ ಒಂದು ಕಡಿಮೆ ಇದೆ. ಕಡಿಮೆಯನ್ನ ಇಲಾಖೆ ಕ್ಷಮಿಸುತ್ತೆ. ಹೆಚ್ಚನ್ನ ಕ್ಷಮಿಸಲ್ಲ."

"ಆಚೆ ಎಸೆದುಬಿಡಿ ಸಾಹೇಬ್ರೇ" ಎಂದ ಅಂಗಡಿಯವನು. ತೂಕದಲ್ಲಿ ಹೆಚ್ಚುಕಡಿಮೆ ಮಾಡಿ ಅನುಭವವಿದ್ದವನು.

"ಎಸೆದ್ರೆ ಕಳ್ಳತನ. ಬೇಕಂತ ಒಡೆದ್ರೆ ಸರ್ಕಾರಿ ಆಸ್ತಿ ನಾಶ. ತಾನಾಗಿ, ಪಾಠ ಮಾಡ್ತಾ, ಎಲ್ಲರ ಎದುರಿಗೆ ಒಡೀಬೇಕು. ಒಂದು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ನಲವತ್ತೇಳಾಗದಿದ್ರೆ ನಿಮ್ಮನ್ನ ಮನೆಗೆ ಕಳಿಸದೆ ನನಗೆ ಬೇರೆ ದಾರಿ ಇಲ್ಲ." ಹೊರಡುವ ಮುನ್ನ ದರ್ಜಿಯ ಮಗಳ ಕಡೆ ಬೆರಳು ತೋರಿಸಿ, "ಇವಳು ಬರೆದಿಡಲಿ. ಇವಳದ್ದನ್ನ ಮಾತ್ರ ನಾನು ನಂಬೋದು" ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿದ್ದಾರೆ. ಕೋಲು ಮುರಿಯಲೇಬೇಕು, ಆದರೆ ಯಾರೂ ಮುರಿಯಬಾರದು ಎಂಬ ಆಜ್ಞೆಗೆ ಅವರ ಬಳಿಯೂ ಗಾದೆಯಿರಲಿಲ್ಲ.

ಮರುದಿನದಿಂದ ಬೀರುವಿಗೆ ಬೀಗ ಬೀಳಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಲವತ್ತೆಂಟೂ ವಸ್ತು ಮೂವತ್ತೆರಡು ಮಕ್ಕಳ ಕೈಯಲ್ಲಿ ಓಡಾಡಿದವು. ಮೇಷ್ಟ್ರು ಗಾಜಿನ ಸಾಮಾನನ್ನು ಬೇಕೆಂದೇ ತುಂಟರ ಕೈಗೇ ಕೊಟ್ಟರು. ಏನೂ ಒಡೆಯಲಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲಿನ ಕೊಕ್ಕರೆ ನೋಡಿ ಬೆಳೆದ ಮಕ್ಕಳು ಒಂದೊಂದು ನಳಿಕೆಯನ್ನೂ ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಳ್ಳುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಹೆಡ್ಮಾಸ್ಟರು ನಿಂತು, "ಮಕ್ಕಳೇ, ಸ್ವಲ್ಪ ಅಜಾಗರೂಕತೆ ಕಲೀರಿ. ನಿಮ್ಮ ಮೇಷ್ಟ್ರ ಕೆಲಸ ನಿಮ್ಮ ಕೈಯಲ್ಲಿದೆ" ಎಂದು ಬುದ್ಧಿ ಹೇಳಿದರು. ಕೆಲಸ ಕೈಯಲ್ಲಿದೆ ಎಂದು ಕೇಳಿ ಮಕ್ಕಳು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಈರುಳ್ಳಿ ಪೊರೆಯ ದಿನ ಮಕ್ಕಳೆಲ್ಲ ನೋಡಿದ ಮೇಲೆ ದರ್ಜಿಯ ಮಗಳು, "ನೀವು ನೋಡಿದೀರಾ ಸಾರ್?" ಎಂದಳು. ಮೇಷ್ಟ್ರು ಬಗ್ಗಿ ಒಂದು ಕಣ್ಣು ಮುಚ್ಚಿದರು. ಬೆಳಕಿನೊಳಗೆ ಇಟ್ಟಿಗೆಯ ಗೋಡೆಯೊಂದು ನಿಂತಿತ್ತು, ಅವರು ಹನ್ನೊಂದು ವರ್ಷ ನೋಟ್ಸು ಬರೆಸಿದ ಹಾಗೆಯೇ. ತಾನು ಹೇಳಿದ್ದು ಇಷ್ಟು ನಿಜವಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಬಹಳ ಹೊತ್ತು ತಲೆಯೆತ್ತಲಿಲ್ಲ. ಸಾಲಿನಲ್ಲಿ ನಿಂತವರು ಗೊಣಗಿದ ಮೇಲೆ ಎದ್ದರು.

ಊರಿನವರೂ ಒಬ್ಬೊಬ್ಬರಾಗಿ ಬರತೊಡಗಿದರು. ಹಾಲಿನವನು ತನ್ನ ಹಾಲನ್ನೇ ತಂದು, "ಎಲ್ಲರೂ ನೋಡಿ, ನೀರು ಕಾಣಿಸುತ್ತಾ?" ಎಂದು ಸವಾಲು ಹಾಕಿದ. ಬೆರೆಸಿದ ನೀರು ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಅದನ್ನೇ ತನ್ನ ಪರವಾದ ತೀರ್ಪೆಂದು ತಿಳಿದು ಊರೆಲ್ಲ ಸಾರಿದ. ಹೋಗುವಾಗ ಮಾತ್ರ ಕಿವಿಯಲ್ಲಿ, "ಮೇಷ್ಟ್ರೇ, ಅರ್ಜಿ ಹಾಕಿದ್ದು ನಾವು. ತಪ್ಪಾಯ್ತು. ಯಾರೂ ನೋಡದಿರುವಾಗ ಒಂದನ್ನ ಬೀಳಿಸಿಬಿಡ್ಲಾ?" ಎಂದ. ದರ್ಜಿಯ ಮಗಳು ಬೀರುವಿನ ಹಿಂದಿನಿಂದ ತಲೆ ಹೊರಹಾಕಿ ಅದನ್ನೂ ಬರೆದುಕೊಂಡಳು.

ತಿಂಗಳು ಮುಗಿಯಿತು. ಜೀಪು ಬಂತು. ಬೀರುವಿನಲ್ಲಿ ಇನ್ನೂ ನಲವತ್ತೆಂಟು. ಸಾಹೇಬರು ರಿಜಿಸ್ಟರು ತೆರೆದು ಪೆನ್ನಿನ ಮುಚ್ಚಳ ತೆಗೆದರು. ಕಿಟಕಿಯಲ್ಲಿ ಮೇಷ್ಟ್ರ ಹೆಂಡತಿಯೂ ಇದ್ದರು, ಪಕ್ಕದಲ್ಲಿ ಅವರಣ್ಣ.

"ಕೊನೇ ಪಾಠ ಮುಗಿಸಿಬಿಡ್ತೀನಿ ಸಾರ್" ಎಂದು ಮೇಷ್ಟ್ರು ಅಯಸ್ಕಾಂತ ಕೈಗೆತ್ತಿಕೊಂಡರು. ಅವರಿಗೆ ಆಗ ಒಡೆಯುವುದು ಮರೆತೇಹೋಗಿತ್ತು. ನಾಳೆಯಿಂದ ಈ ಮಕ್ಕಳ ಮುಂದೆ ನಿಲ್ಲುವಂತಿಲ್ಲವಲ್ಲ ಎಂಬ ಸಂಕಟವೊಂದೇ ಉಳಿದಿತ್ತು. ಅದೇ ಹೊತ್ತಿಗೆ ಹೆಡ್ಮಾಸ್ಟರು ಬಾಗಿಲಲ್ಲಿ ಕಾಣಿಸಿಕೊಂಡು ಅಭ್ಯಾಸಬಲದಿಂದ ಕೂಗಿದರು: "ಮೇಷ್ಟ್ರೇ, ಟೀ ಆರ್ತಾ ಇದೆ!"

ಮೇಷ್ಟ್ರು ಬೆಚ್ಚಿದರು. ಅಯಸ್ಕಾಂತ ಕೈಜಾರಿ ಸಿಮೆಂಟಿನ ನೆಲದ ಮೇಲೆ ಟಣ್ಣೆಂದು ಬಿದ್ದು ಎರಡು ತುಂಡಾಯಿತು.

ಕಿಟಕಿಗಳು ಹೋ ಎಂದವು. ಹಾಲಿನವನು ಶಿಳ್ಳೆ ಹೊಡೆದ. ಅಂಗಡಿಯವನು ಹೆಬ್ಬೆರಳ ಬಟ್ಟೆ ಬಿಚ್ಚಿ ಗಾಳಿಯಲ್ಲಿ ತೂರಿದ. "ಬಳಕೆಯಲ್ಲಿ ಒಡೆದಿದೆ, ಒಂದು" ಎಂದು ಸಾಹೇಬರು ನಗುನಗುತ್ತ ಬರೆಯಲು ಬಗ್ಗಿದರು. "ಉಳಿದದ್ದು ನಲವತ್ತೇ..."

"ಒಡೆದಿಲ್ಲ ಸಾರ್" ಎಂದಳು ದರ್ಜಿಯ ಮಗಳು.

ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ತುಂಡುಗಳನ್ನು ದಿಕ್ಸೂಚಿಯ ಪಕ್ಕ ಒಂದೊಂದಾಗಿ ಹಿಡಿದು ನೋಡುತ್ತಿದ್ದಳು. ಮುಳ್ಳು ಒಂದು ತುದಿಗೆ ಹತ್ತಿರ ಬಂತು, ಇನ್ನೊಂದು ತುದಿಗೆ ದೂರ ಓಡಿತು. ಎರಡನೆಯ ತುಂಡಿಗೂ ಹಾಗೆಯೇ ಮಾಡಿತು. "ಎರಡಕ್ಕೂ ಉತ್ತರ, ದಕ್ಷಿಣ ಎರಡೂ ಇದೆ ಸಾರ್. ಪ್ರತಿ ತುಂಡೂ ಪೂರ್ಣ ಅಯಸ್ಕಾಂತವೇ. ಸಾರೇ ನೋಟ್ಸಲ್ಲಿ ಬರೆಸಿದಾರೆ, ಫುಲ್‌ಸ್ಟಾಪ್ ಸಮೇತ. ಈಗ ನಲವತ್ತೊಂಬತ್ತು."

"ಮಗೂ, ಸುಮ್ನಿರಮ್ಮ" ಎಂದು ಮೇಷ್ಟ್ರ ಹೆಂಡತಿ ಅಳುವ ದನಿಯಲ್ಲಿ ಅಂದರು. ಸಾಹೇಬರ ಪೆನ್ನು ಗಾಳಿಯಲ್ಲಿ ನಿಂತಿತ್ತು. ಅವರಿಗೂ ಈ ಮೇಷ್ಟ್ರನ್ನು ಮನೆಗೆ ಕಳಿಸುವ ಮನಸ್ಸಿರಲಿಲ್ಲ. "ಮಕ್ಕಳ ಮಾತು ಬಿಡಿ. ನೀವು ಹೇಳಿ ಮೇಷ್ಟ್ರೇ, ಒಡೆದಿದೆ ತಾನೇ? ಹೂಂ ಅನ್ನಿ, ಸಾಕು. ನಲವತ್ತೇಳು ಬರೀತೀನಿ."

ಹೂಂ ಅಂದರೆ ಮುಗಿಯುತ್ತಿತ್ತು. ಮೇಷ್ಟ್ರು ಹುಡುಗಿಯ ಕಡೆ ನೋಡಿದರು. ಅವಳು ಏನೂ ಕೇಳಲಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದಳು. ಅವರು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ತುಂಡುಗಳನ್ನು ತೆಗೆದುಕೊಂಡು, ಒಂದನ್ನು ಇನ್ನೊಂದಕ್ಕೆ ತಂದರು. ಒಂದು ಕಡೆಯಿಂದ ತಂದಾಗ ಟಕ್ಕನೆ ಅಂಟಿದವು. ತಿರುಗಿಸಿ ತಂದಾಗ ಬೆರಳಿನ ನಡುವೆ ಒದ್ದಾಡಿ ದೂರ ಸರಿದವು. ಅವರ ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

"ನಲವತ್ತೊಂಬತ್ತು ಬರ್ಕೊಳ್ಳಿ ಸಾರ್" ಎಂದರು. "ನಾನು ನೋಡಿದೀನಿ."

ಸಾಹೇಬರು ರಿಜಿಸ್ಟರನ್ನು ನೋಡಿದರು, ತುಂಡುಗಳನ್ನು ನೋಡಿದರು, ಮತ್ತೆ ರಿಜಿಸ್ಟರನ್ನು ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ, "ಇನ್ನೊಂದು ಸಲ ಬಿದ್ರೆ?" ಎಂದು ಕೇಳಿದರು.

"ನೋಟ್ಸಿನ ಪ್ರಕಾರ ಐವತ್ತು ಸಾರ್" ಎಂದು ಮೇಷ್ಟ್ರು ತುಂಡನ್ನು ಮೇಲಕ್ಕೆತ್ತಿ ಹಿಡಿದರು. "ಆದ್ರೆ ಬೀಳಿಸಿ ನೋಡದೆ ಹೇಳೋ ಹಾಗಿಲ್ಲ."

ಮೂವತ್ತೆರಡು ನೋಟುಪುಸ್ತಕಗಳು ಸರಕ್ಕನೆ ತೆರೆದುಕೊಂಡವು. ಸಾಹೇಬರು ರಿಜಿಸ್ಟರನ್ನು ಏನೂ ಬರೆಯದೆ ಮುಚ್ಚಿ, ಎದೆಗೆ ಅವಚಿಕೊಂಡು, ಆ ತುಂಡು ಬೀಳುವ ಮೊದಲೇ ಜೀಪು ಹತ್ತಿದರು. ಅವರು ಆಮೇಲೆ ಆ ಊರಿನ ಕಡೆ ತಲೆಹಾಕಲಿಲ್ಲ.